ಸ್ಯಾಂಕ್ಷನ್: ಕೊಡುವ ಕೈ, ತಡೆಯುವ ಕೈ

ಸ್ಯಾಂಕ್ಷನ್ ಎಂಬ ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ನಮ್ಮ ಜನರ ಮುಖ ಅರಳುತ್ತದೆ. ಸಾಲ ಸ್ಯಾಂಕ್ಷನ್ ಆಯಿತು, ರಜೆ ಸ್ಯಾಂಕ್ಷನ್ ಆಯಿತು, ಊರಿನ ಶಾಲೆಗೆ ಇನ್ನೊಬ್ಬ ಮೇಷ್ಟರ ಹುದ್ದೆ ಸ್ಯಾಂಕ್ಷನ್ ಆಯಿತು. ಇಂಗ್ಲಿಷ್ ಅಕ್ಷರ ಕಾಣದವರೂ ಈ ಪದವನ್ನು ತಪ್ಪಿಲ್ಲದೆ ಬಳಸುತ್ತಾರೆ. ಆದರೆ 1998ರ ಮೇ ತಿಂಗಳಲ್ಲಿ ಪೋಖ್ರಾನಿನ ಅಣುಪರೀಕ್ಷೆಯ ನಂತರ ಅಮೆರಿಕ ನಮ್ಮ ಮೇಲೆ ಹೇರಿದ್ದೂ ಸ್ಯಾಂಕ್ಷನ್ನೇ. ಒಂದೇ ಪದ ಒಂದು ಕಡೆ ಕೊಡುತ್ತದೆ, ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಇದು ಹೇಗಾಯಿತು?

ಇದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಮೂಲ ಧಾತುವಿಗೆ ಪವಿತ್ರಗೊಳಿಸು, ಮೀರಬಾರದಂತೆ ವಿಧಿಸು ಎಂಬ ಅರ್ಥ. ಸಂತರನ್ನು ಇಂಗ್ಲಿಷಿನಲ್ಲಿ ಸೇಂಟ್ ಎನ್ನುತ್ತೇವಲ್ಲ, ಅದೂ ಇದೇ ಬಳ್ಳಿಯ ಕಾಯಿ. ರೋಮನ್ನರ ಶಾಸನಗಳಲ್ಲಿ, ಮೀರಿದವನಿಗೆ ಏನು ಶಿಕ್ಷೆ ಎಂದು ಹೇಳುವ ಭಾಗಕ್ಕೆ ಈ ಹೆಸರಿತ್ತು. ಶಾಸನದ ಅಧಿಕಾರಮುದ್ರೆಯನ್ನು ಹಿಡಿದುಕೊಂಡವರಿಗೆ ಅದು ಒಪ್ಪಿಗೆಯಾಯಿತು. ಅದರ ಹಿಂದಿನ ದಂಡವನ್ನು ಹಿಡಿದುಕೊಂಡವರಿಗೆ ಶಿಕ್ಷೆಯಾಯಿತು.

ಒಪ್ಪಿಗೆಯ ಅರ್ಥಕ್ಕೆ ನಮ್ಮಲ್ಲಿ 'ಮಂಜೂರು' ಇದೆ. ಅದೂ ಹೊರಗಿನದೇ, ಅರಬ್ಬಿಯಿಂದ ಪಾರಸಿಯ ದಾರಿಯಾಗಿ ಬಂದದ್ದು. 'ನಜರು' ಅದರ ಹತ್ತಿರದ ನೆಂಟ. ಮಂಜೂರು ಎಂದರೆ ಮೂಲದಲ್ಲಿ 'ನೋಡಲ್ಪಟ್ಟದ್ದು'. ಸಾಹೇಬರ ಕಣ್ಣಿಗೆ ಬೀಳದ ಕಡತದ ಗತಿ ಏನೆಂದು ಕಚೇರಿ ಸುತ್ತಿದವರಿಗೆ ನಾನು ಹೇಳಬೇಕಾಗಿಲ್ಲ.

ಎರಡೂ ಅರ್ಥಗಳು ಒಂದೇ ಜಾಗದಲ್ಲಿ ಮುಖಾಮುಖಿಯಾಗುವುದೂ ಉಂಟು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮಿನಂತೆ ಲಂಚದ ಆರೋಪ ಹೊತ್ತ ಸರ್ಕಾರಿ ನೌಕರನ ಮೇಲಿನ ಮೊಕದ್ದಮೆಯನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಾದರೆ ಮೊದಲು ಸ್ಯಾಂಕ್ಷನ್ ಬೇಕು. ಇಲ್ಲಿ ಪದದ ಅರ್ಥ ಅನುಮತಿ, ಆ ಅನುಮತಿ ಮಾತ್ರ ಶಿಕ್ಷೆಯ ಬಾಗಿಲಿನದು. ಪ್ರಾಮಾಣಿಕ ನೌಕರನನ್ನು ಸುಳ್ಳು ದೂರಿನಿಂದ ಕಾಯಲು ಇಟ್ಟ ಬಾಗಿಲು ಅದು. ಕಡತ ನಿಧಾನವಾದಷ್ಟೂ ಕಳ್ಳನಿಗೂ ಅದೇ ನೆರಳು.

ಇನ್ನು ದೇಶದೇಶಗಳ ನಡುವಣ ಸ್ಯಾಂಕ್ಷನ್. ತಮಾಷೆಯೆಂದರೆ ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿ ಇದಕ್ಕೆ ಆಧಾರವಾದರೂ ಆ ವಿಧಿಯಲ್ಲಿ ಈ ಪದವೇ ಇಲ್ಲ. ಸಶಸ್ತ್ರ ಬಲ ಬಳಸದ 'ಕ್ರಮಗಳು' ಎಂದಷ್ಟೇ ಇದೆ. ಈ ಅಸ್ತ್ರ ಸದಾ ಅನ್ಯಾಯದ್ದೆಂದು ನಾನು ಹೇಳಲಾರೆ. ವರ್ಣಭೇದಕ್ಕಾಗಿ ದಕ್ಷಿಣ ಆಫ್ರಿಕದೊಡನೆ 1946ರಲ್ಲೇ ವ್ಯಾಪಾರ ಕಡಿದುಕೊಂಡದ್ದು ನಮ್ಮ ದೇಶ. 1935ರಲ್ಲಿ ಇಥಿಯೋಪಿಯದ ಮೇಲೆ ಬಿದ್ದ ಇಟಲಿಗೆ ರಾಷ್ಟ್ರಗಳ ಒಕ್ಕೂಟ ಹಾಕಿದ ಕಟ್ಟಿನಲ್ಲಿ ಪೆಟ್ರೋಲೇ ಸೇರಿರಲಿಲ್ಲ. ಮುಸೊಲಿನಿಯ ಲಾರಿಗಳು ನಿಲ್ಲಲಿಲ್ಲ. ಇರಾಕಿನ ಮೇಲೆ 1990ರಿಂದ 2003ರವರೆಗೆ ಬಿದ್ದ ಕಟ್ಟು ಬಿಗಿಯಾಗಿತ್ತು, ಬಿಗಿದದ್ದು ಮಾತ್ರ ಸಾಮಾನ್ಯರ ಕೊರಳನ್ನು. ಅಲ್ಲಿ ನೆರವಿನ ಹೊಣೆ ಹೊತ್ತಿದ್ದ ವಿಶ್ವಸಂಸ್ಥೆಯ ಅಧಿಕಾರಿ ಡೆನಿಸ್ ಹ್ಯಾಲಿಡೇ 1998ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅವರ ಜಾಗಕ್ಕೆ ಬಂದ ಹ್ಯಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ಅದನ್ನೇ ಮಾಡಿದರು.

ಇಂಥದಕ್ಕೆ ನಮ್ಮ ಪತ್ರಿಕೆಗಳಲ್ಲಿ ಎರಡು ಪದ ಓಡಾಡುತ್ತವೆ, 'ನಿರ್ಬಂಧ' ಮತ್ತು 'ದಿಗ್ಬಂಧನ'. ನಿರ್ಬಂಧ ನನಗೆ ತೀರ ಸಪ್ಪೆ. ರಸ್ತೆಯಲ್ಲಿ ಲಾರಿ ಓಡಾಟಕ್ಕೂ ನಿರ್ಬಂಧ, ಔಷಧಿಗೆ ಕಾದ ಮಗುವಿಗೂ ನಿರ್ಬಂಧ ಎಂದರೆ ಹೇಗೆ? ದಿಗ್ಬಂಧನದಲ್ಲಿ ಬಿಗಿಯಿದೆ. ಅದೂ ಲ್ಯಾಟಿನ್ ಪದದ ಹಾಗೆ ಪೂಜೆಯ ಮನೆಯಿಂದಲೇ ಬಂದದ್ದು. ಜಪಕ್ಕೆ ಕೂರುವವನು ವಿಘ್ನಗಳು ಒಳಬಾರದಿರಲೆಂದು ಸುತ್ತಲ ದಿಕ್ಕುಗಳನ್ನು ಮಂತ್ರದಿಂದ ಕಟ್ಟಿಕೊಳ್ಳುತ್ತಾನೆ. ಅಲ್ಲಿ ಕಟ್ಟಿನ ಒಳಗಿದ್ದವನಿಗೆ ರಕ್ಷೆ. ಬಾಗ್ದಾದಿನಲ್ಲಿ ಕಟ್ಟು ಹಾಕಿದವರು ಹೊರಗಿದ್ದರು.