ದಡಾರ, ‘ಅಮ್ಮ’ ಮತ್ತು ಸುಳ್ಳು ಸುದ್ದಿ

ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ದಂಪತಿಗಳೇ,

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾಯಿತು. ಆ ವರ್ಷ ದಕ್ಷಿಣದ ರಾಜ್ಯಗಳಲ್ಲಿ, ಈ ಚುಚ್ಚುಮದ್ದಿನಿಂದ ಮುಂದೆ ಸಂತಾನವಾಗದೆಂಬ ಸುಳ್ಳು ವಾಟ್ಸಾಪಿನಲ್ಲಿ ಹಬ್ಬಿತು.

ದಡಾರವೆಂದರೆ ಅಮ್ಮನೇ ಮೈಮೇಲೆ ಬಂದಿರುವಳೆಂದು ನಂಬಿದ ಮನಸ್ಸಿಗೆ ಸೂಜಿಯು ಔಷಧವಲ್ಲ, ಅಪಚಾರ. ಅಪಚಾರಕ್ಕೆ ಶಾಪ, ಶಾಪವೆಂದರೆ ಸಂತಾನಹಾನಿ. ಸುದ್ದಿ ಹುಟ್ಟಿಸಿದವನು ಪುರಾವೆ ಒದಗಿಸಬೇಕಾಗಿಯೇ ಇಲ್ಲ. ಉಳಿದುದನ್ನು ನಮ್ಮ ಭಯವೇ ಪೂರೈಸುತ್ತದೆ.

ದಡಾರವು ವೈರಾಣುವಿನಿಂದ ಬರುವ ರೋಗ. ರುಬೆಲ್ಲಾ ಗರ್ಭಿಣಿಗೆ ತಗುಲಿದರೆ ಗರ್ಭಪಾತವಾಗಬಹುದು. ಶಿಶುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದೋಷ ಉಂಟಾಗಬಹುದು. ಸಂತಾನವನ್ನು ಕಾಯುವ ಲಸಿಕೆಯ ಮೇಲೆಯೇ ಇಂಥ ಆರೋಪ!

ಹಂಪಿಗೆ ಹೋಗಿ ಹಣ್ಣುಕಾಯಿ ಮಾಡಿಸಿರಿ, ಬೇಡವೆನ್ನಲಾರೆ, ನಾನೂ ಹೋಗುವವನೇ. ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ, ತಾಯಿ ಕಾರ್ಡಿನೊಡನೆ ಉಪಕೇಂದ್ರಕ್ಕೆ ಕರೆತನ್ನಿರಿ.