ಅಪರೂಪದ ಜ್ವರ: ಕೇಳಲೇಬೇಕಾದ ಪ್ರಶ್ನೆ



ಮೈಸೂರಿನ ನಜರ್‌ಬಾದ್‌ ಪಕ್ಕದಲ್ಲಿರುವ ಮೃಗಾಲಯವನ್ನು 2017ರ ಜನವರಿಯಲ್ಲಿ ಒಂದು ತಿಂಗಳ ಕಾಲ ಮುಚ್ಚಬೇಕಾಯಿತು. ಹಕ್ಕಿಗಳು ಸತ್ತಿದ್ದವು, ಪರೀಕ್ಷೆಯಲ್ಲಿ ಹಕ್ಕಿಜ್ವರದ ಎಚ್‌5ಎನ್‌8 ವೈರಾಣು ಕಂಡುಬಂದಿತು. 2020ರ ಮಾರ್ಚ್‌ನಲ್ಲಿ ಅದೇ ನಗರದ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಜನ ಸಾಕಿದ್ದ ಕೋಳಿಗಳನ್ನು ಕೊಲ್ಲಬೇಕಾಯಿತು. ಎರಡು ಸಲವೂ ಮೊದಲ ಸುಳಿವು ದೊರೆತದ್ದು ಸತ್ತ ಹಕ್ಕಿಯಿಂದ, ಆಸ್ಪತ್ರೆಯಿಂದಲ್ಲ. ಆರೋಗ್ಯ ಕಾರ್ಯಕರ್ತರ ತರಬೇತಿ ಆರಂಭವಾಗಬೇಕಾದುದೂ ಇಲ್ಲಿಂದಲೇ.

ರೋಗಾಣುಗಳನ್ನೇ ಆಯುಧವಾಗಿ ಬಳಸಿದ ಉದಾಹರಣೆಯೂ ಇದೆ. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳ ಮೂಲಕ ನೆರಡಿ ರೋಗದ ಪುಡಿಯನ್ನು ಹರಡಲಾಯಿತು. 22 ಮಂದಿಗೆ ರೋಗ ತಗುಲಿ ಐವರು ಸತ್ತರು. ಫ್ಲಾರಿಡಾದ ವೈದ್ಯರೊಬ್ಬರು ರೋಗಿಯ ಬೆನ್ನುಹುರಿಯ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅನುಮಾನಪಟ್ಟದ್ದರಿಂದ ವಿಷಯ ಬೇಗ ಬಯಲಾಯಿತು. ನಮ್ಮ ರೈತರಿಗೆ ನೆರಡಿ ಹೊಸದೇನಲ್ಲ. ದನ ಅಥವಾ ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರಿದರೆ ಹೆಣವನ್ನು ಕೊಯ್ಯಕೂಡದು, ಚರ್ಮ ಸುಲಿಯಕೂಡದು. ಗಾಳಿ ತಾಗಿದರೆ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಅಂಥ ಹೆಣ ಮುಟ್ಟಿದವರ ಕೈಯಲ್ಲಿ ನೋವಿಲ್ಲದ, ನಡುವೆ ಕಪ್ಪಗಾದ ಹುಣ್ಣು ಎದ್ದರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಸಕಾಲಕ್ಕೆ ಔಷಧ ಕೊಟ್ಟರೆ ಇದು ವಾಸಿಯಾಗುವ ರೋಗ.

ನಮ್ಮ ನಾಡಿನದೇ ಆದ ಇನ್ನೊಂದು ಕಾಯಿಲೆಯ ಕಥೆ ಹೆಚ್ಚು ಪಾಠ ಕಲಿಸುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಜನರಿಗೂ ಜ್ವರ ಬಂತು. ಹಳದಿ ಜ್ವರವೇ ಭಾರತಕ್ಕೆ ಬಂತೋ ಎಂದು ತಜ್ಞರು ಮೊದಲು ಶಂಕಿಸಿದರು. ಕೊನೆಗೆ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ಪರೀಕ್ಷೆಯಿಂದ, ಅದು ಉಣ್ಣೆಗಳಿಂದ ಹರಡುವ ಹೊಸ ವೈರಾಣು ಎಂದು ತಿಳಿಯಿತು. ಅದೇ ಮಂಗನ ಕಾಯಿಲೆ. ಇಂದು ಅಮೆರಿಕ ಈ ವೈರಾಣುವನ್ನು ದುರ್ಬಳಕೆಯಾಗಬಹುದಾದ ರೋಗಾಣುಗಳ ಪಟ್ಟಿಯಲ್ಲಿ ಸೇರಿಸಿದೆ. ಸೊರಬದ ರೈತನಿಗಾದರೋ ಇದು ದರಗು ಗುಡಿಸಲು ಹೋದಾಗ ಕಾಲಿಗೆ ಹತ್ತುವ ಉಣ್ಣೆಯ ಪ್ರಶ್ನೆ!

ಇದು ಮಲೆನಾಡಿನ ರೋಗ ಎಂದು ಮೈಸೂರು ಕಡೆಯವರು ನಿಶ್ಚಿಂತರಾಗಿದ್ದರು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳ ಹೆಣ ವಿಲೇವಾರಿ ಮಾಡಿದವರಿಗೇ ಜ್ವರ ಬಂತು. ಮಂಗ ಸತ್ತೊಡನೆ ಉಣ್ಣೆಗಳು ಅದರ ಮೈಯಿಂದ ಇಳಿದು ಅಲ್ಲೇ ಹರಡುವುದರಿಂದ ಹೀಗಾಗುತ್ತದೆ. ಆದುದರಿಂದ ಸತ್ತ ಮಂಗವನ್ನು ಕಂಡವರು ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸತಕ್ಕದ್ದು.

ಡಿಸೆಂಬರ್‌ನಿಂದ ಮೇವರೆಗೆ ಈ ಕಾಯಿಲೆಯ ಕಾಲ. ಹಠಾತ್ ಜ್ವರ, ತೀವ್ರ ತಲೆನೋವು, ಸೊಂಟ ಹಾಗೂ ಮೀನಖಂಡಗಳಲ್ಲಿ ನೋವು, ಕೆಂಪಾದ ಕಣ್ಣು. ಕೆಲವರಿಗೆ ಒಸಡು, ಮೂಗಿನಲ್ಲಿ ರಕ್ತ. ಬಿಟ್ಟ ಜ್ವರ ಮರಳಿ ಬಂದು ಮಿದುಳಿಗೆ ತೊಂದರೆ ಕೊಡುವುದೂ ಉಂಟು. ನಿರ್ದಿಷ್ಟ ಔಷಧವಿಲ್ಲ, ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಬೇಗ ಗುರುತಿಸಿ ಆಸ್ಪತ್ರೆಗೆ ಸೇರಿಸುವುದೊಂದೇ ದಾರಿ.

ಮೇಲ್ನೋಟಕ್ಕೆ ಇದೂ ಡೆಂಗಿಯಂತೆಯೇ ಕಾಣುತ್ತದೆ. ಹಾಗಾಗಿ ಆರೋಗ್ಯ ಸಹಾಯಕಿಗೆ ಪರದೇಶದ ರೋಗಗಳ ಉದ್ದನೆಯ ಪಟ್ಟಿ ಬಾಯಿಪಾಠ ಮಾಡಿಸಿ ಹೆಚ್ಚು ಉಪಯೋಗವಿಲ್ಲ. "ಕಾಡಿಗೆ ಹೋಗಿದ್ದಿರಾ ಅಣ್ಣಾ? ಕೊಟ್ಟಿಗೆಯಲ್ಲಿ, ಸುತ್ತಮುತ್ತ ಏನಾದರೂ ಸತ್ತಿತೆ?" ಎಂದು ಕೇಳುವ ಅಭ್ಯಾಸವಾದರೆ ಅರ್ಧ ಕೆಲಸ ಮುಗಿಯಿತು. ತರಬೇತಿಗೆ ಪಶುವೈದ್ಯರನ್ನೂ ಅರಣ್ಯ ಕಾವಲುಗಾರರನ್ನೂ ಒಂದೇ ಕೊಠಡಿಯಲ್ಲಿ ಕೂರಿಸುವುದು ಲೇಸು. ದನದ ಸಾವು ಒಂದು ಇಲಾಖೆಯ ಕಡತದಲ್ಲಿ, ಜ್ವರ ಇನ್ನೊಂದು ಇಲಾಖೆಯ ಕಡತದಲ್ಲಿ ಇರುವವರೆಗೆ ಎರಡರ ನಂಟು ಯಾರಿಗೂ ಕಾಣದು.

ಆಕೆ ಕೇಳದಿದ್ದರೆ ನೀವೇ ಹೇಳಿರಿ. ದರಗಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣ್ಣೆ ನಿವಾರಕ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಿರಿ. ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಗಳನ್ನು ಕುದಿನೀರಿನಲ್ಲಿ ಒಗೆಯಿರಿ.