ಪ್ರಧಾನಿ ವಾಪಸ್ ಬರೋಕಾಗದ ದೇಶ: ಹೈಟಿಯ 2024

ಇವತ್ತಿನ ಎಪಿಸೋಡ್ ಹೈಟಿ ಬಗ್ಗೆ.

ಒಂದು ದೇಶದ ಪ್ರಧಾನಿ ವಿದೇಶಕ್ಕೆ ಹೋಗ್ತಾರೆ. ಕೆಲಸ ಮುಗಿಸಿ ಹೊರಟ್ರೆ, ವಿಮಾನ ಇಳಿಸೋಕೆ ಜಾಗ ಇಲ್ಲ. ರಾಜಧಾನಿಯ ಏರ್‌ಪೋರ್ಟ್ ಸುತ್ತ ಗುಂಡಿನ ದಾಳಿ. ಪಕ್ಕದ ಡೊಮಿನಿಕನ್ ರಿಪಬ್ಲಿಕ್ ಕೂಡ ಇಳಿಯೋಕೆ ಬಿಡಲಿಲ್ಲ. ಕೊನೆಗೆ ಪೋರ್ಟೊ ರಿಕೊದಲ್ಲಿ ಇಳಿದು, ಅಲ್ಲಿಂದಲೇ ರಾಜೀನಾಮೆ ಕೊಡ್ತೀನಿ ಅಂತ ಘೋಷಿಸ್ತಾರೆ. ಇದು 2024ರ ಮಾರ್ಚ್‌ನಲ್ಲಿ ಹೈಟಿಯ ಪ್ರಧಾನಿ ಏರಿಯಲ್ ಆನ್ರಿ ಅವರಿಗೆ ನಿಜವಾಗಿ ಆಗಿದ್ದು.

ಆ ದಿನಗಳಲ್ಲಿ ನಮ್ಮ ಫೋನ್‌ಗಳಲ್ಲಿ ಓಡಿದ್ದೇನು? 'ಬಾರ್ಬೆಕ್ಯೂ' ಅನ್ನೋ ಗ್ಯಾಂಗ್ ಲೀಡರ್ ಮೇಲೆ ಮೀಮ್‌ಗಳು. ಅಲ್ಲಿ ಮನುಷ್ಯರನ್ನೇ ತಿಂತಾರೆ ಅನ್ನೋ ಆಧಾರವಿಲ್ಲದ ವಿಡಿಯೋಗಳು. ಅದನ್ನೆಲ್ಲ ಪಕ್ಕಕ್ಕಿಡೋಣ. ನಾನು ಓದಿದ್ದು ಬಿಕಾಂ, ಹಾಗಾಗಿ ನನ್ನ ಪ್ರಶ್ನೆ ಒಂದೇ: ಈ ಗ್ಯಾಂಗ್‌ಗಳಿಗೆ ದುಡ್ಡು ಎಲ್ಲಿಂದ ಬರುತ್ತೆ? ಅದು ಗೊತ್ತಾದ್ರೆ ಇಡೀ ವರ್ಷ ಅರ್ಥ ಆಗುತ್ತೆ.

ಮೊದಲು ಸ್ವಲ್ಪ ಹಿನ್ನೆಲೆ. ಹೈಟಿ ಕೆರಿಬಿಯನ್ ಸಮುದ್ರದಲ್ಲಿರೋ ಒಂದು ಕೋಟಿಗೂ ಹೆಚ್ಚು ಜನರ ದೇಶ. ಗುಲಾಮರೇ ದಂಗೆ ಎದ್ದು, ಗೆದ್ದು, 1804ರಲ್ಲಿ ಸ್ವತಂತ್ರವಾದ ದೇಶ. ಆದ್ರೆ 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನ ತಂದು ನಿಲ್ಲಿಸಿ, ನಮಗಾದ ನಷ್ಟ ಕಟ್ಟಿಕೊಡಿ ಅಂತ 15 ಕೋಟಿ ಫ್ರಾಂಕ್ ಕೇಳ್ತು. ಅಂದ್ರೆ ಗುಲಾಮರಾಗಿದ್ದವರೇ ಮಾಲೀಕರಿಗೆ ಪರಿಹಾರ ಕೊಡಬೇಕು! ಆಮೇಲೆ ಮೊತ್ತ 9 ಕೋಟಿಗೆ ಇಳೀತು. ಆದ್ರೂ ಅದನ್ನ ಕಟ್ಟೋಕೆ ಮಾಡಿದ ಸಾಲ ತೀರಿದ್ದು 1947ರಲ್ಲಿ. ಶಾಲೆ, ರಸ್ತೆ, ಆಸ್ಪತ್ರೆಗೆ ಹೋಗಬೇಕಿದ್ದ ದುಡ್ಡು ನೂರಕ್ಕೂ ಹೆಚ್ಚು ವರ್ಷ ಹೊರಗೆ ಹರೀತು.

ಈಗ ಹತ್ತಿರದ ಕಾಲಕ್ಕೆ ಬರೋಣ. 2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೋಯಿಸ್ ಅವರನ್ನ ಅವರ ಮನೆಯಲ್ಲೇ ಕೊಂದರು. ಅಲ್ಲಿ ವರ್ಷಗಳಿಂದ ಚುನಾವಣೆಯೇ ಆಗಿರಲಿಲ್ಲ. 2023ರ ಜನವರಿಯಲ್ಲಿ ಕೊನೆಯ ಹತ್ತು ಸೆನೆಟರ್‌ಗಳ ಅವಧಿಯೂ ಮುಗೀತು. ಜನ ಓಟು ಹಾಕಿ ಆರಿಸಿದ ಒಬ್ಬನೇ ಒಬ್ಬ ಪ್ರತಿನಿಧಿ ರಾಷ್ಟ್ರಮಟ್ಟದಲ್ಲಿ ಉಳಿದಿರಲಿಲ್ಲ.

ಕುರ್ಚಿ ಖಾಲಿ ಇದ್ದಾಗ ಯಾರಾದ್ರೂ ಬಂದು ಕೂರ್ತಾರೆ. 2024ರ ಫೆಬ್ರವರಿ 29. ಕೆನ್ಯಾದಿಂದ ಪೊಲೀಸರನ್ನ ಕರೆಸೋ ಒಪ್ಪಂದಕ್ಕೆ ಆನ್ರಿ ನೈರೋಬಿಗೆ ಹೋಗಿದ್ರು. ಅದೇ ಹೊತ್ತಿಗೆ, ಅಲ್ಲಿವರೆಗೆ ಪರಸ್ಪರ ಹೊಡೆದಾಡ್ತಿದ್ದ ಗ್ಯಾಂಗ್‌ಗಳು 'ವಿವ್ ಅನ್ಸಾಂಮ್' ಹೆಸರಲ್ಲಿ ಒಟ್ಟಾಗಿ ದಾಳಿ ಶುರು ಮಾಡಿದ್ವು. ಮುಂದೆ ನಿಂತವನು ಜಿಮ್ಮಿ ಶೆರಿಝಿಯೆ. ಇವನೇ ಆ ಬಾರ್ಬೆಕ್ಯೂ, ಮಾಜಿ ಪೊಲೀಸ್! ಪೊಲೀಸ್ ಠಾಣೆಗಳಿಗೆ ಬೆಂಕಿ ಬಿತ್ತು. ಎರಡು ದೊಡ್ಡ ಜೈಲುಗಳಿಂದ 4,000ಕ್ಕೂ ಹೆಚ್ಚು ಕೈದಿಗಳು ಹೊರಬಂದರು. ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ಏರ್‌ಪೋರ್ಟ್ ಮೇ ತಿಂಗಳವರೆಗೂ ಮುಚ್ಚಿತ್ತು. ಭಾರತ ಕೂಡ 'ಆಪರೇಷನ್ ಇಂದ್ರಾವತಿ' ಶುರು ಮಾಡಿ, ಮಾರ್ಚ್ 21ರಂದು ಮೊದಲ 12 ಭಾರತೀಯರನ್ನ ಹೊರಗೆ ತಂತು.

ಈಗ ಲೆಕ್ಕಕ್ಕೆ ಬರೋಣ. ವಿಶ್ವಸಂಸ್ಥೆ ಅಂದಾಜಿನ ಪ್ರಕಾರ ರಾಜಧಾನಿಯ ಶೇ. 80ಕ್ಕೂ ಹೆಚ್ಚು ಭಾಗ ಗ್ಯಾಂಗ್‌ಗಳ ಹಿಡಿತದಲ್ಲಿತ್ತು. ಅವರು ಹಿಡಿದ ಜಾಗಗಳನ್ನ ಗಮನಿಸಿ. ರಾಜಧಾನಿಯಿಂದ ಉತ್ತರಕ್ಕೆ, ದಕ್ಷಿಣಕ್ಕೆ ಹೋಗೋ ಹೆದ್ದಾರಿ. ಬಂದರಿನ ಸುತ್ತಮುತ್ತ. 2022ರಲ್ಲಿ ಇದೇ ಶೆರಿಝಿಯೆ ವರ್ರೂ ಅನ್ನೋ ಇಂಧನ ಟರ್ಮಿನಲ್ ಮುಂದೆ ಅಡ್ಡ ಹಾಕಿ ಕೂತಾಗ, ವಾರಗಟ್ಟಲೆ ದೇಶದಲ್ಲಿ ಡೀಸೆಲ್ ಸಿಗಲಿಲ್ಲ. ಹೈಟಿ ಜನ ತಿನ್ನೋ ಅಕ್ಕಿಯಲ್ಲಿ ಹೆಚ್ಚಿನದು ಹಡಗಿನಲ್ಲೇ ಬರೋದು. ಹಾಗಾಗಿ ರಸ್ತೆ, ಬಂದರು ಯಾರ ಕೈಲಿದ್ಯೋ ಊಟದ ತಟ್ಟೆ ಅವರ ಕೈಲಿ.

ಲಾರಿಗೆ ಇಷ್ಟು, ಬಸ್ಸಿಗೆ ಇಷ್ಟು, ಅಂಗಡಿಗೆ ಇಷ್ಟು ಅಂತ ವಸೂಲಿ. ಜೊತೆಗೆ ಜನರನ್ನ ಅಪಹರಿಸಿ ದುಡ್ಡು ಕೀಳೋದು. ನಾವು ಇದನ್ನ ಹಫ್ತಾ ಅಂತೀವಿ. ಅಲ್ಲಿ ಅದೇ ಟೋಲ್, ಅದೇ ಟ್ಯಾಕ್ಸ್. ವ್ಯಾಪಾರಿ ಅದನ್ನ ಬೆಲೆಗೆ ಸೇರಿಸ್ತಾನೆ, ಕೊನೆಗೆ ಕಟ್ಟೋದು ಅಕ್ಕಿ ಕೊಳ್ಳೋಕೆ ಬಂದ ತಾಯಿ.

ಖರ್ಚಿನ ಕಡೆ ಏನಿದೆ? ಬಂದೂಕು. ಹೈಟಿಯಲ್ಲಿ ಬಂದೂಕು ತಯಾರಾಗಲ್ಲ. ಹೆಚ್ಚಿನವು ಅಮೆರಿಕದಿಂದ, ಅದರಲ್ಲೂ ಫ್ಲೋರಿಡಾದಿಂದ ಕಳ್ಳಸಾಗಣೆ ಆಗಿ ಬರ್ತವೆ. ಇನ್ನು ಇವರನ್ನ ಬೆಳೆಸಿದ್ಯಾರು? ಗ್ಯಾಂಗ್‌ಗಳಿಗೆ ಬೆಂಬಲ ಕೊಟ್ಟ ಆರೋಪದ ಮೇಲೆ ಮಾಜಿ ಅಧ್ಯಕ್ಷ ಮಿಶೆಲ್ ಮಾರ್ಟೆಲಿ ಮೇಲೆ ಕೆನಡಾ 2022ರಲ್ಲಿ ನಿರ್ಬಂಧ ಹಾಕಿತು, ಅಮೆರಿಕ 2024ರ ಆಗಸ್ಟ್‌ನಲ್ಲಿ.

ಹಾಗಾದ್ರೆ ಸರ್ಕಾರ ಏನ್ ಮಾಡ್ತು? ಏಪ್ರಿಲ್‌ನಲ್ಲಿ ಒಂಬತ್ತು ಜನರ ಮಧ್ಯಂತರ ಅಧ್ಯಕ್ಷೀಯ ಮಂಡಳಿ ಬಂತು. ಮೇ ಕೊನೆಗೆ ಗ್ಯಾರಿ ಕೊನಿಲ್ ಪ್ರಧಾನಿಯಾಗಿ ಆಯ್ಕೆಯಾದ್ರು. ಜೂನ್ 25ಕ್ಕೆ ಕೆನ್ಯಾ ಪೊಲೀಸರ ಮೊದಲ ತಂಡ ಇಳೀತು. ಯೋಜನೆ ಇದ್ದದ್ದು 2,500 ಜನರದ್ದು, ಆ ವರ್ಷದ ಬಹುಪಾಲು ಇದ್ದದ್ದು 400ರ ಆಸುಪಾಸು. ಅಕ್ಟೋಬರ್‌ನಲ್ಲಿ ಮಂಡಳಿಯ ಮೂವರ ಮೇಲೆ, ಸರ್ಕಾರಿ ಬ್ಯಾಂಕಿನ ಮುಖ್ಯಸ್ಥರ ಬಳಿ ಲಂಚ ಕೇಳಿದ ಆರೋಪ ಬಂತು. ಅವರು ಅಲ್ಲಗಳೆದ್ರು, ಕುರ್ಚಿ ಬಿಡಲಿಲ್ಲ. ನವೆಂಬರ್‌ನಲ್ಲಿ ಕೊನಿಲ್ ಅವರನ್ನೇ ತೆಗೆದು, ಅಲಿಕ್ಸ್ ಡಿಡಿಯೆ ಫಿಸ್-ಎಮೆ ಅವರನ್ನ ತಂದ್ರು. ಅವರು ಪ್ರಮಾಣ ವಚನ ತಗೊಂಡ ದಿನವೇ, ಇಳಿಯೋಕೆ ಬರ್ತಿದ್ದ ಅಮೆರಿಕದ ಪ್ರಯಾಣಿಕರ ವಿಮಾನಕ್ಕೆ ಗುಂಡು ತಗುಲಿತು.

ಈ ಜಗಳದ ನಡುವೆ ಜನರ ಗತಿ ಏನು? ಪೊಂಟ್-ಸೊಂಡೆ ಅನ್ನೋ ಊರನ್ನ ನೆನಪಿಟ್ಟುಕೊಳ್ಳಿ. ಇದು ದೇಶದ ಭತ್ತದ ಕಣಜ ಅನ್ನಿಸಿಕೊಂಡ ಆರ್ಟಿಬೊನಿಟ್ ಸೀಮೆಯಲ್ಲಿದೆ. ಅಲ್ಲಿನ ಜನ ತಾವೇ ಗುಂಪು ಕಟ್ಟಿ, ರಸ್ತೆಯಲ್ಲಿ ಗ್ಯಾಂಗ್‌ನ ಟೋಲ್ ವಸೂಲಿಗೆ ಅಡ್ಡ ನಿಂತಿದ್ರು. ಅಕ್ಟೋಬರ್ 3ರ ಬೆಳಗಿನ ಜಾವ ಗ್ರಾಂ ಗ್ರಿಫ್ ಗ್ಯಾಂಗ್ ಬಂತು. ಸತ್ತವರು ಕನಿಷ್ಠ 115 ಜನ. ಕೂಸುಗಳೂ ಇದ್ವು. ಡಿಸೆಂಬರ್‌ನಲ್ಲಿ ರಾಜಧಾನಿಯ ವಾರ್ಫ್ ಜೆರೆಮಿ ಕೊಳೆಗೇರಿಯಲ್ಲಿ, ಮಗನ ಕಾಯಿಲೆಗೆ ಮುದುಕರ ಮಾಟವೇ ಕಾರಣ ಅಂತ ನಂಬಿ ಒಬ್ಬ ಗ್ಯಾಂಗ್ ಲೀಡರ್ ಕೊಲ್ಲಿಸಿದ್ದು, ವಿಶ್ವಸಂಸ್ಥೆ ಲೆಕ್ಕದಲ್ಲಿ, 207 ಜನರನ್ನ.

ವರ್ಷದ ಕೊನೆಯ ಲೆಕ್ಕ ಹೀಗಿದೆ. ಸತ್ತವರು 5,600ಕ್ಕೂ ಹೆಚ್ಚು. ಮನೆ ಬಿಟ್ಟವರು 10 ಲಕ್ಷಕ್ಕೂ ಹೆಚ್ಚು, ಹಿಂದಿನ ವರ್ಷದ ಮೂರು ಪಟ್ಟು. ಹೆಚ್ಚುಕಮ್ಮಿ ಅರ್ಧ ದೇಶಕ್ಕೆ ಹೊಟ್ಟೆ ತುಂಬ ಊಟ ಇಲ್ಲ.

ಹೊರಗಿನ ಪೊಲೀಸರು ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಟೋಲ್ ದುಡ್ಡು ಬರ್ತಾ ಇದ್ರೆ, ಫ್ಲೋರಿಡಾದ ಪೆಟ್ಟಿಗೆಗಳು ಇಳೀತಾ ಇದ್ರೆ, ಒಬ್ಬ ಬಾರ್ಬೆಕ್ಯೂ ಹೋದ್ರೂ ಇನ್ನೊಬ್ಬ ಬರ್ತಾನೆ. ಮೀಮ್‌ನಲ್ಲಿ ಕಾಣೋದು ಅವನೊಬ್ಬನೇ. ಬಂದೂಕು ಮಾರಿದವರು, ಬೆನ್ನಿಗೆ ನಿಂತ ದೊಡ್ಡವರು ಅದರಲ್ಲಿ ಕಾಣಲ್ಲ. ಟೋಲ್ ಕಟ್ಟಲ್ಲ ಅಂತ ಎದ್ದು ನಿಂತ ಪೊಂಟ್-ಸೊಂಡೆಯ ಜನ ಕೂಡ ಕಾಣಲ್ಲ. ಹೈಟಿ ಅಂದಾಗ ನಾವು ಮೊದಲು ನೆನಪು ಮಾಡ್ಕೋಬೇಕಾದ್ದು ಅವರನ್ನ.